ನಿಮ್ಮ ಬಚ್ಚಲ ಹೊಗೆ

ಉಪ್ಪಾರಹಳ್ಳಿ, ತುಮಕೂರು
ಭಾನುವಾರ

ಗುಬ್ಬಿಯಲ್ಲಿರುವ ವಾಣಿಶ್ರೀ ಅಕ್ಕನಿಗೆ, ನಿಮ್ಮ ಓರಗಿತ್ತಿ ಪ್ರಮೀಳಾ ಮಾಡುವ ನಮಸ್ಕಾರ.

ಫೋನ್ ಮಾಡಿದ್ರೆ ನೀವು ಎತ್ತಲ್ಲ, ಅದಕ್ಕೇ ಈ ಕಾಗದ. ಗೋಡೆ ವಿಷಯಕ್ಕಲ್ಲ. ಮನೆ ಪಾಲು ಮಾಡಿ ಅದನ್ನ ಎಬ್ಬಿಸಿದ ಅಣ್ಣತಮ್ಮಂದಿರೇ ಅದನ್ನ ನೋಡ್ಕೊಳ್ಳಲಿ.

ನಿನ್ನೆ ಯುಜಿಡಿಯವರು ಬಂದು, ಒಳಚರಂಡಿ ಪೈಪು ಎಲ್ಲಿ ಸೋರುತ್ತೆ ಅಂತ ನೋಡೋಕೆ ಬೀದಿಯ ಮ್ಯಾನ್‌ಹೋಲಿಗೆ ಮೆಷಿನ್ನಲ್ಲಿ ಹೊಗೆ ಊದಿದ್ರು. ನನಗೆ ಗೊತ್ತಿರಲಿಲ್ಲ. ಹಿತ್ತಲಲ್ಲಿ ಬಟ್ಟೆ ಒಣಹಾಕ್ತಿದ್ದೆ. ನೋಡ್ತೀನಿ, ಗೋಡೆಯಾಚೆ ನಿಮ್ಮ ಬಚ್ಚಲ ಹೆಂಚಿನ ಸಂದಿಯಿಂದ ಹೊಗೆ ಏಳ್ತಿದೆ, ಥೇಟ್ ನೀವು ಹಂಡೆ ಒಲೆ ಹಚ್ಚಿದ ಹಾಗೆ. "ಅಕ್ಕಾ, ಯಾವಾಗ ಬಂದ್ರಿ?" ಅಂತ ಕೂಗೇಬಿಟ್ಟೆ. ಸ್ಟೂಲ್ ಹತ್ತಿ ಇಣುಕಿದ್ರೆ ಬಾಗಿಲಿಗೆ ಬೀಗ. ಯುಜಿಡಿಯವರು ನಕ್ಕರು. ನಗಲಿ.

ಮನೆಮಂದಿಯೆಲ್ಲ ಮಿಂದ ಮೇಲೆ ನಾವಿಬ್ಬರೂ ಆ ಒಲೆಯ ಕೆಂಡದ ಮುಂದೆ ತಲೆ ಒಣಗಿಸ್ಕೊಂಡು ಕೂರ್ತಿದ್ವಲ್ಲ, ಅದು ನೆನಪಾಯ್ತು. ಕಾಫಿ ಆರಿಹೋದ್ರೂ ಮಾತು ಮುಗೀತಿರಲಿಲ್ಲ.

ಪೈಪು ಎಲ್ಲೂ ಒಡೆದಿಲ್ಲವಂತೆ. ಬಳಕೆಯಿಲ್ಲದೆ ಬಚ್ಚಲ ಟ್ರ್ಯಾಪಿನಲ್ಲಿ, ಅಂದ್ರೆ ಪೈಪಿನ ಬಾಗಿನಲ್ಲಿ, ಚರಂಡಿ ಗಾಳಿ ತಡೆಯೋಕೆ ನಿಲ್ಲೋ ನೀರು ಒಣಗಿದೆ, ಅದಕ್ಕೇ ಹೊಗೆ ಮೇಲೆ ಬಂತು, ಒಂದು ಕೊಡ ನೀರು ಹುಯ್ದ್ರೆ ಸಾಕು ಅಂದ್ರು.

ಬೀಗದಕೈ ಯಾರ ಕೈಲೂ ಕಳಿಸಬೇಡಿ, ನೀವೇ ತನ್ನಿ. ಗುರುವಾರ ನಮ್ಮನೆಯವರು ಊರಲ್ಲಿರಲ್ಲ. ಒಣ ತೆಂಗಿನ ಮಟ್ಟೆ, ಸೀಗೆಪುಡಿ ಎತ್ತಿಟ್ಟಿದೀನಿ. ಬಚ್ಚಲಿಗೆ ಹೇಗೂ ನೀರು ಹುಯ್ಯಬೇಕಲ್ಲ, ಕಾಯಿಸಿ ನಿಮ್ಮ ತಲೆ ಮೇಲೇ ಹುಯ್ತೀನಿ.

ನಿಮ್ಮ
ಪ್ರಮೀಳಾ