ಮೊದಲ ಎರಡು ಗೇಮ್ ಸೋಲುವವನು

ಚಾಮರಾಜಪೇಟೆ,
16 ನವೆಂಬರ್ 2025, ಭಾನುವಾರ

ಅಕ್ಕಾ,

ಹರಿದು ಹಾಕುವುದಾದರೆ ಪೂರ್ತಿ ಓದಿ ಆಮೇಲೆ ಹರಿ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ರಜಾ ಅರ್ಜಿ ಬರೆದ ಮೇಲೆ ನಾನು ಕೂತು ಕಾಗದ ಬರೆಯುತ್ತಿರುವುದು ಇದೇ ಮೊದಲು. ಅವೆನ್ಯೂ ರಸ್ತೆಯಲ್ಲಿ ಒಂದು ಕವರ್ ಕೇಳಿದರೆ ಅಂಗಡಿಯವರು, "ಇದು ಹೋಲ್‌ಸೇಲ್ ಕಣಪ್ಪಾ, ಒಂದೊಂದೆಲ್ಲ ಬಿಚ್ಚಲ್ಲ," ಅಂದರು. ಐವತ್ತು ಕವರ್ ತಂದಿದ್ದೇನೆ. ಅಮ್ಮ ನೋಡಿ, "ಯಾರ ಮದುವೆಗೋ ಇದು, ನಿಂದಾ?" ಅಂತ ಕೇಳಿದಳು.

ನೀನು ಮಾರ್ಚ್‌ನಲ್ಲಿ ನಿಶ್ಚಿತಾರ್ಥ ಮುಗಿಸಿ ಕೆಲಸಕ್ಕೆ ವಾಪಸ್ ಹೋಗಲು ಹಾಸನದ ಬಸ್ ಹತ್ತುವಾಗ ಹೇಳಿದ್ದು ಹಾಗೇ ಕಿವಿಯಲ್ಲಿದೆ. "ಇನ್ಮೇಲೆ ಫೋನ್ ಮಾಡ್ಬೇಡ. ಫೋನಲ್ಲಿ ನೀನು ಮಾತಾಡ್ತಾ ಮಾತಾಡ್ತಾನೇ ಕಥೆ ಕಟ್ಬಿಡ್ತೀಯ. ಹೇಳೋದಿದ್ರೆ ಬರೆದು ಕಳ್ಸು." ಎಂಟು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಈಗ ಇದೆ.

ಮೊದಲು ನಿನ್ನ ನಿಶ್ಚಿತಾರ್ಥದ ದಿನದ್ದು ಹೇಳಿಬಿಡುತ್ತೇನೆ. ನಾನು ಆವತ್ತು ಹೇಳಿದ ಹಾಗೆ ಗಾಡಿ ಪಂಚರ್ ಆಗಿರಲಿಲ್ಲ. ನಾನು ಮಲ್ಲೇಶ್ವರದಲ್ಲಿ ಮುರುಗೇಶಣ್ಣನ ಪೂಲ್ ಪಾರ್ಲರಿನಲ್ಲಿ ಕೋಲು ಹಿಡಿದು ಟೇಬಲ್ ಮೇಲೆ ಬಾಲ್ ಹೊಡೆಯುತ್ತಾ ನಿಂತಿದ್ದೆ. ಹೊಸೂರಿನ ಒಬ್ಬನ ಜೊತೆ ದುಡ್ಡಿನ ಆಟ. ಯಾರು ಮೊದಲು ಇಪ್ಪತ್ತೊಂದು ಗೇಮ್ ಗೆಲ್ಲುತ್ತಾರೋ ಅವರದ್ದು. ಬೆಳಿಗ್ಗೆ ಐದಕ್ಕೆ ಶುರು ಮಾಡಿದರೆ ಒಂಬತ್ತಕ್ಕೆ ಮುಗಿಯುತ್ತದೆ, ಸ್ನಾನ ಮಾಡಿ ಹತ್ತಕ್ಕೆ ಛತ್ರದಲ್ಲಿರಬಹುದು ಅಂತ ನನ್ನ ಲೆಕ್ಕ. ಅವನು ಬಿಡಲಿಲ್ಲ, ನಾನೂ ಬಿಡಲಿಲ್ಲ. ಮುಗಿದಾಗ ಎರಡು ಗಂಟೆ. ಗೆದ್ದೆ. ಎಲ್ಲರೂ ಹೆಗಲ ಮೇಲೆ ಎತ್ತಿಕೊಂಡರು. ಕೆಳಗಿಳಿದು ಫೋನ್ ನೋಡಿದರೆ ನಲವತ್ತೊಂದು ಮಿಸ್ಡ್ ಕಾಲ್.

ಅಪ್ಪ ಇಲ್ಲದ ಮನೆಯಲ್ಲಿ ತಟ್ಟೆ ಬದಲಾಯಿಸುವಾಗ ನಾನು ನಿಲ್ಲಬೇಕಿತ್ತು. ಚಿಕ್ಕಪ್ಪ ನಿಂತರು. ಸತೀಶ್ ಭಾವನ ಅಮ್ಮ, "ಹುಡುಗಿ ತಮ್ಮ ಕಾಣ್ತಿಲ್ಲ, ಏನ್ ಮಾಡ್ಕೊಂಡಿದಾನೆ ಅವ್ನು?" ಅಂತ ಕೇಳಿದರಂತೆ. ನೀನು ಸೀರೆ ಸೆರಗು ನೋಡಿಕೊಂಡು ಸುಮ್ಮನಿದ್ದೆಯಂತೆ. ನಾಲ್ಕು ದಿನ ಆದಮೇಲೆ ಅಮ್ಮ ಹೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಿನಗೆ ಹೇಳಲು ಒಂದು ಮಾತೂ ಸಿಗಲಿಲ್ಲವಲ್ಲ, ಅದು ಒಳಗೆ ಕೂತುಬಿಟ್ಟಿತು. ಬರುವ ಫೆಬ್ರವರಿಯ ಮದುವೆಯಲ್ಲಿ ಅವರು ಮತ್ತೆ ಕೇಳಿದರೆ ಹೇಳಲು ನಿನ್ನ ಹತ್ತಿರ ಒಂದು ಉತ್ತರ ಇರಬೇಕು ಅಂತ ಆವತ್ತೇ ಅಂದುಕೊಂಡೆ. ಉತ್ತರ ಹುಡುಕುವುದು ಎಲ್ಲಿ ಅಂತ ಗೊತ್ತಿರಲಿಲ್ಲ.

ನಮ್ಮ ಪಾರ್ಲರಿನಲ್ಲಿ ದಿನಾ ಒಂದೇ ಜಗಳ. ಬೆಂಗಳೂರಿನಲ್ಲಿ ದೊಡ್ಡ ಆಟಗಾರ ಯಾರು? ಬಸವನಗುಡಿಯ ವಸಿಷ್ಠ ಮೂರು ವರ್ಷದಿಂದ ಕಪ್ ಗೆಲ್ಲುತ್ತಿದ್ದಾನೆ. ಆದರೆ ಮುರುಗೇಶಣ್ಣ ಅವನ ಹೆಸರೆತ್ತಿದರೆ ಸಾಕು, "ಕಪ್ ಗೆದ್ದೋನು ಒಂದಿನ ಚೆನ್ನಾಗಿ ಆಡ್ದೋನು ಅಷ್ಟೇ ಮಗಾ. ಜೇಬಿಂದ ದುಡ್ಡಿಟ್ಟು ಎಂಟು ಗಂಟೆ ನಿಂತು ಗೆಲ್ತಾನಲ್ಲ, ಅವ್ನು ಆಟಗಾರ. ವಸಿಷ್ಠನ ಮುಂದೆ ಐನೂರರ ನೋಟಿಡು, ಕೈ ಹೆಂಗೆ ನಡುಗುತ್ತೆ ನೋಡು," ಅನ್ನುತ್ತಾನೆ. ಆಮೇಲೆ ನನ್ನ ಕಡೆ ಗಲ್ಲ ಎತ್ತಿ ತೋರಿಸುತ್ತಾನೆ. ನನಗೂ ಅದು ಹಿತವಾಗಿತ್ತು. ಒಂದು ಸರ್ಟಿಫಿಕೇಟೂ ಇಲ್ಲದೆ ನಂಬರ್ ಒನ್ ಅನ್ನಿಸಿಕೊಳ್ಳುವುದು ಯಾರಿಗೆ ಬೇಡ?

ಆಗಸ್ಟ್‌ನಲ್ಲಿ ವಾಣಿ ಮೇಡಂ ಅಂತ ಒಬ್ಬರು ಹಳೇ ಟೇಬಲ್ ಕೊಳ್ಳಲು ಬಂದರು. ಶೇಷಾದ್ರಿಪುರಂನಲ್ಲಿ ಮಕ್ಕಳಿಗೆ ಪೂಲ್ ಕಲಿಸುವ ಜಾಗ ಇಟ್ಟಿದ್ದಾರೆ. ನಾನು ಆಡುವುದನ್ನು ಅರ್ಧ ಗಂಟೆ ನೋಡಿ, "ಕಲಿಸೋಕೆ ಒಬ್ರು ಬೇಕಿತ್ತು. ಏನ್ ಗೆದ್ದಿದೀಯಪ್ಪಾ?" ಅಂದರು. ನಾನು ಯಾರ್ಯಾರನ್ನು ಸೋಲಿಸಿದ್ದೇನೆ ಅಂತ ಹೆಸರು ಹೇಳುತ್ತಾ ಹೋದೆ. ಅವರು ಕೇಳಿಸಿಕೊಂಡು, "ಸರಿ, ಇದನ್ನ ಪೇರೆಂಟ್ಸ್ ಮುಂದೆ ಹೆಂಗ್ ಹೇಳ್ಲಿ? ನಿಮ್ ಮಗೂಗೆ ಹೇಳ್ಕೊಡೋ ಮೇಷ್ಟ್ರು ಇಷ್ಟು ಜನರ ಜೇಬು ಖಾಲಿ ಮಾಡಿದಾರೆ ಅಂತಾನಾ?" ಅಂದರು. ಮುರುಗೇಶಣ್ಣನಿಗೆ ರೇಗಿತು. "ಮೇಡಂ, ಇವನ ಮುಂದೆ ನಿಲ್ಲೋರು ಈ ಊರಲ್ಲಿಲ್ಲ," ಅಂದ. "ಹಂಗಾದ್ರೆ ಕಷ್ಟ ಏನು? ನವೆಂಬರಲ್ಲಿ ಟೂರ್ನಮೆಂಟ್ ಇದೆ. ಕಪ್ ಬೇಡ ನಂಗೆ. ಕೊನೇ ಎಂಟು ಜನರಲ್ಲಿ ಒಬ್ಬ ಆಗ್ಲಿ, ಕೆಲಸ ಅವನದ್ದೇ," ಅಂತ ಹೇಳಿ ಹೋದರು.

ಅದೇ ನಿನ್ನ ಉತ್ತರ ಅಂತ ನನಗೆ ಆಗಲೇ ಹೊಳೆಯಿತು.

ನವೆಂಬರ್ ಏಳು, ಶುಕ್ರವಾರ ಬಸವನಗುಡಿಯ ಒಂದು ಕ್ಲಬ್ಬಿನ ಹಾಲ್‌ನಲ್ಲಿ ಶುರುವಾಯಿತು. ಏಳು ಗೇಮ್ ಮೊದಲು ಗೆದ್ದವನು ಮುಂದಕ್ಕೆ. ಸೋತವನು ಮನೆಗೆ. ಚೀಟಿ ಎತ್ತಿ ಜೋಡಿ ಹಾಕುತ್ತಾರೆ. ನನಗೆ ಸಿಕ್ಕಿದ್ದು ಕನ್ನಡಕ ಹಾಕಿದ ಒಬ್ಬ ಕಾಲೇಜು ಹುಡುಗ. ಕೋಲು ಹಿಡಿಯುವ ರೀತಿ ನೋಡಿಯೇ ಇವನು ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ನೋಡನೋಡುತ್ತಾ ಎರಡು ಗೇಮ್ ಅವನದಾಯಿತು.

ಇದನ್ನು ನಿನಗೆ ಬಿಡಿಸಿ ಹೇಳಬೇಕು ಅಕ್ಕಾ. ದುಡ್ಡಿನ ಆಟದಲ್ಲಿ ಮೊದಲ ಎರಡು ಗೇಮ್ ಬೇಕಂತಲೇ ಸೋಲಬೇಕು. ಸುಲಭದ ಬಾಲ್ ಒಂದನ್ನು ಕೂದಲೆಳೆಯಲ್ಲಿ ತಪ್ಪಿಸಿ, "ಥೂ, ಇವತ್ತು ಕೈಯೇ ಓಡ್ತಿಲ್ಲ ಗುರೂ," ಅನ್ನಬೇಕು. ಎದುರಿನವನಿಗೆ ಧೈರ್ಯ ಬರುತ್ತದೆ. "ಡಬಲ್ ಮಾಡೋಣ್ವಾ?" ಅಂತಾನೆ. ಆಮೇಲೆ ನಮ್ಮ ನಿಜವಾದ ಆಟ. ಐದು ವರ್ಷ ನಾನು ತಿಂದ ಅನ್ನ ಇದೇ. ಆವತ್ತು ನಾನು ಬೇಕಂತ ಸೋಲಲಿಲ್ಲ. ಕೈ ತಾನಾಗೇ ಸೋತಿತು. ಬೋರ್ಡಿನ ಮೇಲೆ ಸೊನ್ನೆ-ಎರಡು ಅಂತ ಬರೆದರು. ಡಬಲ್ ಅನ್ನುವವರು ಯಾರಾದರೂ ಇದ್ದಾರಾ ಅಂತ ನಾನು ಕುರ್ಚಿಗಳ ಕಡೆ ತಿರುಗಿ ನೋಡಿದೆ, ಗೊತ್ತಾ? ಅಲ್ಲಿ ಯಾರದೋ ಅಜ್ಜಿ ಕಿತ್ತಳೆ ಹಣ್ಣು ಸುಲಿಯುತ್ತಿದ್ದರು.

ಏಳು-ಐದರಲ್ಲಿ ಬಚಾವಾದೆ. ಎರಡನೇ ಮ್ಯಾಚ್‌ಗೆ ಗಟ್ಟಿಯಾಗಿ ನಿರ್ಧಾರ ಮಾಡಿ ನಿಂತೆ. ಮತ್ತೆ ಸೊನ್ನೆ-ಎರಡು! ಅದು ಏಳು-ಆರಕ್ಕೆ ಮುಗಿಯಿತು. ಶರ್ಟು ಹಿಂಡಿದರೆ ನೀರು ಬರುತ್ತಿತ್ತು.

ವಾಣಿ ಮೇಡಂ ಬಂದು ಪಕ್ಕದಲ್ಲಿ ಕೂತರು. "ಮೊದಲೆರಡು ಯಾಕೆ ಬಿಟ್ಟೆ?" "ಬಿಟ್ಟಿದ್ದಲ್ಲ ಮೇಡಂ, ಹೋಯ್ತು." "ಬಿಟ್ಟೂ ಬಿಟ್ಟೂ ಹಂಗಾಗಿದೆ. ಯಾವುದು ನಿನ್ನ ಆಟ ಅಂತ ನಿಂಗೇ ಮರ್ತೋಗಿದೆ ಕಣೋ," ಅಂದು ಎದ್ದು ಹೋದರು.

ಆ ಸಾಯಂಕಾಲ ಗಾಂಧಿ ಬಜಾರಿನಿಂದ ಚಾಮರಾಜಪೇಟೆಗೆ ನಡೆದುಕೊಂಡೇ ಬಂದೆ. ನಾನು ಗೆದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೆನಪು ಮಾಡಿಕೊಂಡೆ. ಎಲ್ಲರೂ ನಾನೇ ಆರಿಸಿಕೊಂಡವರು. ಯಾರ ಜೊತೆ, ಯಾವತ್ತು, ಯಾವ ಟೇಬಲ್ ಮೇಲೆ, ಯಾರು ಯಾರಿಗೆ ಎಷ್ಟು ಗೇಮ್ ಮೊದಲೇ ಬಿಟ್ಟುಕೊಡಬೇಕು, ಎಲ್ಲ ಚೌಕಾಸಿ ಮಾಡಿ ನನಗೆ ಗೆಲುವು ಕಂಡ ಮೇಲೆಯೇ ಕೋಲು ಮುಟ್ಟುತ್ತಿದ್ದೆ. ಅರ್ಧ ಆಟ ಬಾಯಲ್ಲೇ ಗೆದ್ದಿರುತ್ತಿದ್ದೆ. ಇಲ್ಲಿ ಚೀಟಿಯ ಜೊತೆ ಚೌಕಾಸಿ ನಡೆಯುವುದಿಲ್ಲ.

ಶನಿವಾರ ಚೀಟಿಯಲ್ಲಿ ವಸಿಷ್ಠ ಬಂದ. ಗೆದ್ದರೆ ಎಂಟರಲ್ಲಿ ಒಬ್ಬ. ಸೋತರೆ ಕೆಲಸವೂ ಇಲ್ಲ, ನಿನಗೆ ಬರೆಯುವ ಈ ಕಾಗದವೂ ಇಲ್ಲ.

ಮ್ಯಾಚ್‌ಗೆ ಮುಂಚೆ ಬಸವಪ್ರಭು ಅಣ್ಣ ಹೊರಗೆ ಕರೆದರು. ನಿನಗೆ ಗೊತ್ತಲ್ಲ, ಅಕ್ಕಿಪೇಟೆಯಲ್ಲಿ ಮಂಡಿ ಇಟ್ಟಿರುವವರು. ನನ್ನ ದುಡ್ಡಿನ ಆಟಗಳಿಗೆಲ್ಲ ಬಂಡವಾಳ ಹಾಕಿದವರು. ಅಪ್ಪ ಹೋದಾಗ ಎಲ್ಲರಿಗಿಂತ ಮುಂಚೆ ಮನೆ ಬಾಗಿಲಿಗೆ ಬಂದವರೂ ಅವರೇ. ಹಣೆಯ ವಿಭೂತಿ ಬೆವರಿಗೆ ಕದಡಿತ್ತು. "ತಮ್ಮಾ, ವಸಿಷ್ಠನ ಕಡೆಯೋರು ಬಾಜಿ ಕಟ್ಟೋಕೆ ತುದಿಗಾಲಲ್ಲಿ ನಿಂತಿದಾರೆ. ನೀನು ಮಾಮೂಲಿ ಮಾಡು. ಮೊದಲು ಮೂರು ಬಿಡು, ರೇಟ್ ಏರ್ಲಿ."

"ಇವತ್ತು ಆಗಲ್ಲಣ್ಣ. ಬಿಟ್ಟಿದ್ದು ವಾಪಸ್ ಬರುತ್ತೆ ಅಂತ ನಂಬಿಕೆ ಇಲ್ಲ," ಅಂದೆ.

ಅವರು ಸಿಟ್ಟಾಗಲಿಲ್ಲ. "ನೋಡೋ, ಒಳಗಡೆ ಕ್ಯಾಮೆರಾ ಇಟ್ಟು ಯೂಟ್ಯೂಬಲ್ಲಿ ಬಿಡ್ತಿದಾರೆ. ನಿನ್ನ ಪೂರ್ತಿ ಆಟ ಇವತ್ತು ತೋರಿಸ್ಬಿಟ್ರೆ ನಾಳೆಯಿಂದ ದುಡ್ಡಿಟ್ಟು ನಿನ್ ಜೊತೆ ಆಡೋ ಹುಚ್ಚ ಯಾರೂ ಸಿಗಲ್ಲ. ಎಂಟರಲ್ಲಿ ಬರ್ಲಿಲ್ಲ ಅಂದ್ರೆ ಇದೂ ಇಲ್ಲ, ಅದೂ ಇಲ್ಲ. ಯೋಚ್ನೆ ಮಾಡಿದೀಯಾ?" ಅಂದರು.

ಯೋಚನೆ ಮಾಡಿರಲಿಲ್ಲ. ಅವರು ಹೇಳಿದ ಮೇಲೆ ಮಾಡಿದೆ. ಆಮೇಲೆ ಕೋಲು ತೆಗೆದುಕೊಂಡು ಒಳಗೆ ಹೋದೆ.

ಮೊದಲ ಹೊಡೆತ ನನ್ನದು. ಒಂದರಿಂದ ಒಂಬತ್ತರವರೆಗೆ ಬಾಲ್‌ಗಳನ್ನು ಸಾಲಾಗಿ ಹಾಕಬೇಕು, ಒಂಬತ್ತು ಬಿದ್ದರೆ ಗೇಮ್. ಎಲ್ಲ ಹಾಕಿದೆ, ವಸಿಷ್ಠ ಕುರ್ಚಿಯಿಂದ ಏಳಲೇ ಇಲ್ಲ. ಎರಡನೆಯದೂ ಹಾಗೇ. ಬೋರ್ಡಿನ ಮೇಲೆ ಎರಡು-ಸೊನ್ನೆ, ನನ್ನ ಹೆಸರಿನ ಕಡೆ ಎರಡು ಇರುವುದು ನೋಡಿ ತಪ್ಪು ಬರೆದಿದ್ದಾರೇನೋ ಅನ್ನಿಸಿತು. ವಸಿಷ್ಠನ ಕೈ ನಡುಗಿತಾ ಅಂತ ನೀನು ಕೇಳಬಹುದು. ಇಲ್ಲ ಅಕ್ಕಾ, ಒಂದು ಚೂರೂ ನಡುಗಲಿಲ್ಲ. ನಾಲ್ಕು-ನಾಲ್ಕು ಮಾಡಿದ. ಆರು-ಆರು ಮಾಡಿದ. ಕೊನೇ ಗೇಮಿನಲ್ಲಿ ಏಳನೇ ಬಾಲ್ ಅವನಿಗೆ ಪಾಕೆಟ್ಟಿನ ಬಾಯಲ್ಲಿ ಅಲ್ಲಾಡಿ ನಿಂತಿತು. ಉಳಿದಿದ್ದು ಮೂರು. ಪಾರ್ಲರಿನಲ್ಲಾಗಿದ್ದರೆ ಕೈ ತೊಳೆದು ಬರುತ್ತೇನೆ ಅಂತ ಹತ್ತು ನಿಮಿಷ ಹೋಗಿ ಎದುರಿನವನ ತಲೆ ಕೆಡಿಸುತ್ತಿದ್ದೆ. ಇಲ್ಲಿ ನೇರ ಹೋಗಿ ಬಗ್ಗಿದೆ. ಏಳು, ಎಂಟು, ಒಂಬತ್ತು.

ವಸಿಷ್ಠ ಕೈ ಕೊಟ್ಟು, "ಇಷ್ಟು ದಿನ ಎಲ್ಲಿದ್ದೆ ಮಾರಾಯಾ?" ಅಂದ. ಮಲ್ಲೇಶ್ವರ ಅಂದೆ. ನಕ್ಕ. "ನಿಮ್ ಇಪ್ಪತ್ತೊಂದು ಗೇಮಿಗೆ ಮಾತ್ರ ಕರೀಬೇಡ. ಹನ್ನೆರಡಕ್ಕೆಲ್ಲ ನನ್ನ ಬೆನ್ನು ಹೋಗ್ಬಿಡುತ್ತೆ," ಅಂದ. ಒಳ್ಳೆಯವನು ಅಕ್ಕಾ. ಇಷ್ಟು ವರ್ಷ ಅವನನ್ನು ಆಡಿಕೊಂಡು ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಹೊರಗೆ ಬಸವಪ್ರಭು ಅಣ್ಣ ಎಳನೀರು ಕುಡಿಯುತ್ತಾ ನಿಂತಿದ್ದರು. ನನಗೂ ಒಂದು ಕೆತ್ತಿಸಿ ಕೊಟ್ಟು, "ಮುಗೀತು ಕಣೋ ನಿನ್ ಅಂಗಡಿ," ಅಂದರು. ಅಷ್ಟೇ. ಅಕ್ಕಿಪೇಟೆಯ ಹಮಾಲರು ಮೂಟೆ ಇಳಿಸಿದ ಮೇಲೂ ನಾಲ್ಕು ಹೆಜ್ಜೆ ಬಗ್ಗಿಕೊಂಡೇ ನಡೆಯುತ್ತಾರಲ್ಲ, ಹಾಗೆ ನಡೆದೆ. ಆಮೇಲೆ ಬೆನ್ನು ನೆಟ್ಟಗಾಯಿತು. ಹೊಸೂರಿನವನು ಮತ್ತೆ ಆಡಲು ಕೇಳಿದ್ದ. ಸೋಮವಾರ ಅವನೇ ಫೋನ್ ಮಾಡಿ, "ವಿಡಿಯೋ ನೋಡ್ದೆ, ಬೇಡ ಬಿಡಿ ಸಾರ್," ಅಂದ. ನನಗೆ ಯಾರೂ ಸಾರ್ ಅಂದಿರಲಿಲ್ಲ. ಇಡೀ ಊರಿಗೆ ನನ್ನ ಆಟ ಎಷ್ಟು ಅಂತ ಗೊತ್ತಾಗಿದೆ, ಇನ್ನು ಯಾರ ಮುಂದೆಯೂ ಕೈ ಓಡದವನ ಹಾಗೆ ನಟಿಸಬೇಕಾಗಿಲ್ಲ. ಅದೆಂಥ ನಿರಾಳ ಅಂತ ನಿನಗೆ ಹೇಗೆ ಹೇಳಲಿ! ಎಂಟು ದಿನದಿಂದ ಮಗುವಿನ ಹಾಗೆ ನಿದ್ದೆ ಮಾಡುತ್ತಿದ್ದೇನೆ. ಅಮ್ಮ ಹುಷಾರಿಲ್ಲವೇನೋ ಅಂತ ಹಣೆ ಮುಟ್ಟಿ ನೋಡಿದಳು.

ವಸಿಷ್ಠನ ಮ್ಯಾಚಿನ ಮಾರನೇ ದಿನ, ಭಾನುವಾರ, ನನ್ನ ಮ್ಯಾಚ್ ಸಾನ್ವಿ ಅಂತ ಪಿಯುಸಿ ಓದುವ ಹುಡುಗಿಯ ಜೊತೆ. ಟ್ಯೂಷನ್ನಿನಿಂದ ನೇರ ಬಂದಳು, ಕೂದಲಿಗೆ ಕ್ಲಿಪ್ ಹಾಕಿದಳು, ಏಳು-ಎರಡಕ್ಕೆ ನನ್ನನ್ನು ಮನೆಗೆ ಕಳಿಸಿದಳು. ಕೊನೆಗೆ, "ಥ್ಯಾಂಕ್ಯೂ ಅಂಕಲ್," ಅಂದಳು. ನನಗೆ ಇಪ್ಪತ್ತನಾಲ್ಕು ಅಕ್ಕಾ!

ಮುರುಗೇಶಣ್ಣ ಈಗ ವರಸೆ ಬದಲಾಯಿಸಿದ್ದಾನೆ. "ಏಳು ಗೇಮಲ್ಲಿ ಏನ್ ಗೊತ್ತಾಗುತ್ತೆ? ಆ ಹುಡುಗಿನ ಇಪ್ಪತ್ತೊಂದಕ್ಕೆ ಕರಿ, ಆಗ ನೋಡೋಣ," ಅಂತಾನೆ. ಜಗಳ ನಡೆಯುತ್ತಲೇ ಇದೆ. ನನ್ನನ್ನು ಕೇಳಿದರೆ ನನಗೆ ಗೊತ್ತಿಲ್ಲ. ಎಂಟು ಗಂಟೆ ನಿಲ್ಲುವ ಕಾಲು ನನಗೆ ದುಡ್ಡಿನ ಆಟವೇ ಕೊಟ್ಟಿದ್ದು, ಅದಿಲ್ಲದೆ ವಸಿಷ್ಠನ ಮುಂದೆ ಆರು-ಆರಕ್ಕೆ ನಾನು ಬೀಳುತ್ತಿದ್ದೆ. ಆದರೆ ಆ ಕಾಲನ್ನು ನಿನ್ನ ನಿಶ್ಚಿತಾರ್ಥದ ದಿನ ಎಲ್ಲಿ ನಿಲ್ಲಿಸಿದ್ದೆ ಅನ್ನುವುದೂ ಲೆಕ್ಕಕ್ಕೆ ಬರಬೇಕಲ್ಲ.

ಬುಧವಾರದಿಂದ ಶೇಷಾದ್ರಿಪುರಂಗೆ ಹೋಗುತ್ತಿದ್ದೇನೆ. ಮಧ್ಯಾಹ್ನ ಮೂರರಿಂದ ಎಂಟು. ಮಕ್ಕಳು ಸರ್ ಅನ್ನುತ್ತಾರೆ, ಹಿಂದೆ ತಿರುಗಿ ನೋಡುತ್ತೇನೆ. ಭಾವನ ಅಮ್ಮ ಕೇಳಿದರೆ, ಮಕ್ಕಳಿಗೆ ಆಟ ಹೇಳಿಕೊಡ್ತಾನೆ ಅಂತ ಹೇಳು. ಅವರು ನಂಬದಿದ್ದರೆ ನಾನೇ ಬಂದು ಹೇಳುತ್ತೇನೆ. ಮುಹೂರ್ತ ಎಷ್ಟು ಗಂಟೆಗೆ ಅಂತ ಬರೆ. ಹಿಂದಿನ ದಿನವೇ ಬಂದು ಛತ್ರದಲ್ಲಿ ಮಲಗುತ್ತೇನೆ.

ನಿನ್ನ ತಮ್ಮ,
ಅನಿರುದ್ಧ

ವಿ.ಸೂ.: ಈ ಕಾಗದ ನಾಲ್ಕನೇ ಸಲ ಬರೆಯುತ್ತಿರುವುದು. ಮೊದಲನೆಯದರಲ್ಲಿ ನಾನು ಕಪ್ ಗೆದ್ದಿದ್ದೆ. ಎರಡನೆಯದರಲ್ಲಿ ಫೈನಲ್‌ನಲ್ಲಿ ಸೋತೆ. ಮೂರನೆಯದರಲ್ಲಿ ಸಾನ್ವಿಯನ್ನು ಏಳು-ಆರಕ್ಕೆ ಸೋಲಿಸಿ ಸೆಮಿಫೈನಲ್‌ಗೆ ಹೋಗಿದ್ದೆ. ಕೆಲಸ ಮಾತ್ರ ನಾಲ್ಕರಲ್ಲೂ ಸಿಕ್ಕಿತ್ತು.