ಫೆರ್ಮಿನ್ ನಿಲ್ಲುತ್ತಿದ್ದ ಜಾಗ

ಸಾಂತಾ ರೂಫಿನಾ ಸಕ್ಕರೆ ಕಾರ್ಖಾನೆ,
ಸಾನ್ ಪೆದ್ರೋ ದೆ ಮಕೊರಿಸ್
5 ಮಾರ್ಚ್ 1967

ಪ್ರಿಯ ತೆಲ್ಮೋ,

ನಿನಗೂ ನಿನ್ನ ಮನೆಯವರಿಗೂ ನಮ್ಮಿಬ್ಬರ ನಮಸ್ಕಾರ. ಜನವರಿಯಲ್ಲಿ ಮೂವರು ರಾಜರ ಹಬ್ಬಕ್ಕೆ ಬಂದ ನಿನ್ನ ಕಾಗದಕ್ಕೆ ಈಸ್ಟರ್ ಹತ್ತಿರ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈದುಬಿಡು, ಕೇಳಿಸಿಕೊಳ್ಳುತ್ತೇನೆ. ನೀನು ಎಸೆದ ಚೆಂಡು ಹಿಡಿದೂ ಹಿಡಿದೂ ಸೊಟ್ಟಗಾದ ನನ್ನ ಬೆರಳುಗಳು ಪೆನ್ನು ಹಿಡಿಯಲು ಒಪ್ಪುವುದಿಲ್ಲ ಎಂದು ಸಬೂಬು ಹೇಳಬಹುದಿತ್ತು. ನಿನ್ನ ಹತ್ತಿರ ಸುಳ್ಳು ಯಾಕೆ? ಬರೆಯಲು ಮನಸ್ಸು ಬರಲಿಲ್ಲ, ಅಷ್ಟೇ.

ನಮ್ಮ ಮನೆಯಾಕೆ ಫ್ರಾನ್ಸಿಯಾಳ ಮೊಣಕಾಲು ಊದಿದೆ. ಆದರೂ ಉಪವಾಸದ ದಿನಗಳ ಸಿಹಿ ಕಾಳು ಕುದಿಸುವುದನ್ನು ಬಿಟ್ಟಿಲ್ಲ. "ಪುಯೆರ್ತೊ ಪ್ಲಾತಾದ ಆ ಹೆಂಗಸಿಗೆ ಇದು ಮಾಡೋಕೆ ಬರತ್ತಾ ಅಂತ ಕೇಳಿ ಬರೀರಿ" ಎಂದು ಒಲೆಯ ಹತ್ತಿರದಿಂದಲೇ ಕೂಗುತ್ತಿದ್ದಾಳೆ. ನೀನು ಎರಡನೆಯ ಮದುವೆ ಮಾಡಿಕೊಂಡ ಸಿಟ್ಟು ಅವಳಿಗೆ ಇನ್ನೂ ಇಳಿದಿಲ್ಲ. ತೀರಿಕೊಂಡ ನಿನ್ನ ಒಲಿಂಪಿಯಾ ಅವಳ ಜೀವದ ಗೆಳತಿಯಾಗಿದ್ದಳಲ್ಲ! ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ಅಂಗಡಿ ಚೆನ್ನಾಗಿ ನಡೆಯುತ್ತಿದೆ ಎಂದು ಬರೆದದ್ದು ಓದಿ ಇಬ್ಬರಿಗೂ ಖುಷಿಯಾಯಿತು.

ಈಗ ನಿನ್ನ ಮಗನ ವಿಷಯ. "ಫೆರ್ಮಿನ್ ನನ್ನ ಮಗ ಅಂತ ಮುಖ ನೋಡಿ ಮಣೆ ಹಾಕಬೇಡ. ನೀನು ತಂಡದ ಮ್ಯಾನೇಜರು. ಅವನ ಬ್ಯಾಟಿನಲ್ಲಿ ದಮ್ಮಿಲ್ಲದಿದ್ದರೆ ಎಳೆದು ಹೊರಗೆ ಹಾಕು" ಎಂದು ಬರೆದಿದ್ದೆ. ಓದಿ ನಿನ್ನ ಬಗ್ಗೆ ಹೆಮ್ಮೆಯೂ ಆಯಿತು, ಮೈಯೂ ಉರಿಯಿತು. ಗಲ್ಲಾದ ಹಿಂದೆ ಕೂತು ಹಾಗೆ ಬರೆಯುವುದು ಸುಲಭ ಕಣೋ. ಇಲ್ಲಿ ಕಾರ್ಖಾನೆಯ ಬೇಸ್‌ಬಾಲ್ ತಂಡದಿಂದ ಹೊರಬೀಳುವುದು ಎಂದರೆ ಏನೆಂದು ನಿನಗೆ ಗೊತ್ತಿಲ್ಲವೇ? ತಂಡದಲ್ಲಿದ್ದವನಿಗೆ ವರ್ಕ್‌ಶಾಪಿನ ನೆರಳಿನಲ್ಲಿ ಕೆಲಸ, ಮೈದಾನದ ಪಕ್ಕದ ಸಾಲಿನಲ್ಲಿ ಕಾರ್ಖಾನೆಯ ಮನೆ. ಹೊರಬಿದ್ದವನಿಗೆ ಕೈಯಲ್ಲಿ ಮಚ್ಚು, ಮಲಗಲು ಕಬ್ಬಿನ ಗದ್ದೆಯ ನಡುವಿನ ಬ್ಯಾರಕ್ಕು. ಅದೂ ನಿನ್ನ ಸೊಸೆ ಮಿರ್ತಾ ತುಂಬು ಬಸುರಿಯಾಗಿದ್ದಾಗ.

ಬ್ಯಾಟಿಂಗ್ ವಿಷಯದಲ್ಲಿ ನೀನು ಹೇಳಿದ್ದು ನಿಜ. ಅವನಿಗೆ ಬ್ಯಾಟು ಹಿಡಿಯಲು ಬರುವುದಿಲ್ಲ ಎಂದಲ್ಲ, ಹಿಡಿದು ನಿಲ್ಲಲು ಬರುವುದಿಲ್ಲ. ಚೆಂಡೆಸೆಯುವ ಪಿಚರ್ ಕೈ ಎತ್ತುವುದೇ ತಡ, ಇವನ ಎಡಗಾಲು ಪಕ್ಕಕ್ಕೆ ಸರಿದಾಗಿರುತ್ತದೆ. ಬ್ಯಾಟು ಒಂದು ಕಡೆ, ಮೈ ಇನ್ನೊಂದು ಕಡೆ. ಹಗುರ ಬ್ಯಾಟು ಕೊಟ್ಟು ನೋಡಿದೆ, ಭಾರದ್ದು ಕೊಟ್ಟು ನೋಡಿದೆ. ಕಾಲಿನ ಪಕ್ಕ ಕಬ್ಬಿಣದ ಸರಳು ಅಡ್ಡ ಇಟ್ಟೆ, ಅದನ್ನೂ ದಾಟಿ ಸರಿದ. ಫ್ರಾನ್ಸಿಯಾ ದೇವಮಾತೆಯ ಮುಂದೆ ಮೇಣದಬತ್ತಿ ಹಚ್ಚಿ ಬಂದಳು. ಯಾವುದೂ ನಾಟಲಿಲ್ಲ.

ನಮ್ಮ ಜನ ಸುಮ್ಮನಿರುತ್ತಾರೆಯೇ? "ಏ ಫೆರ್ಮಿನ್, ನೊಣ ಓಡಿಸ್ತಾ ಇದ್ದೀಯೇನೋ?" ಎಂದು ಒಬ್ಬ. "ಬ್ಯಾಟು ಮಿರ್ತಾ ಕೈಗೆ ಕೊಡೋ, ಬಟ್ಟೆ ಒಗೆದೂ ಒಗೆದೂ ಅವಳ ತೋಳಾದ್ರೂ ಗಟ್ಟಿಯಿದೆ!" ಎಂದು ಇನ್ನೊಬ್ಬ. ಮಿರ್ತಾ ಆ ಹೊಟ್ಟೆ ಹೊತ್ತುಕೊಂಡೇ ಎದ್ದು ನಿಂತು, "ಬಾರೋ ಇಲ್ಲಿ, ನಿನ್ನ ತಲೆ ಮೇಲೇ ಒಗೆದು ತೋರಿಸ್ತೀನಿ" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಫೆರ್ಮಿನ್ ಮಾತ್ರ ತಲೆ ಎತ್ತಲಿಲ್ಲ.

ಆದರೆ ತೆಲ್ಮೋ, ಅದೇ ಹುಡುಗ ಎರಡನೇ ಬೇಸಿಗೂ ಮೂರನೆಯದಕ್ಕೂ ನಡುವೆ ಶಾರ್ಟ್‌ಸ್ಟಾಪ್ ಆಗಿ ನಿಂತರೆ ಬೇರೆಯೇ ಮನುಷ್ಯ. ಚೆಂಡು ಬ್ಯಾಟಿಗೆ ತಗಲುವ ಮೊದಲೇ ಅವನು ಹೊರಟಿರುತ್ತಾನೆ. ಬೇರೆಯವರು ಹಾರಿ ಬಿದ್ದು, ಮಣ್ಣು ತಿಂದು ಹಿಡಿಯುವ ಚೆಂಡಿಗೆ ಇವನು ಮುಂಚೆಯೇ ಹೋಗಿ ಕಾದಿರುತ್ತಾನೆ. ಅದಕ್ಕೇ ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಸುಲಭದ ಚೆಂಡು ಎಂದುಕೊಳ್ಳುತ್ತಾರೆ. ನಮ್ಮ ಮೈದಾನ ಎಂಥದೆಂದು ನಿನಗೆ ಗೊತ್ತು, ಕಲ್ಲಿಗೆ ಬಡಿದ ಚೆಂಡು ಹಲ್ಲಿಗೇ ಎಗರುತ್ತದೆ. ಇವನು ಮುಖ ತಿರುಗಿಸಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಈ ಪ್ರಾಯದವರೆಗೆ ಬೇಕಾದಷ್ಟು ಶಾರ್ಟ್‌ಸ್ಟಾಪ್‌ಗಳನ್ನು ಕಂಡಿದ್ದೇನೆ. ಇಂಥವನನ್ನು ಕಂಡಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಕಾರ್ಖಾನೆಯ ದೊಡ್ಡ ಅಧಿಕಾರಿ ದೋನ್ ಎವಾರಿಸ್ತೋಗೆ ಇದು ಕಾಣಬೇಕಲ್ಲ! ನನ್ನನ್ನು ಜಗಲಿಗೆ ಕರೆಸಿ, "ನಿಕಾಸಿಯೋ, ಇವನ ಬ್ಯಾಟಿಂಗೂ ಇಲ್ಲ, ಮೇಲೆ ಫೀಲ್ಡಿಂಗಲ್ಲೂ ತಪ್ಪು ಜಾಸ್ತಿ. ಆ ವಲೆರಿಯೋನ ನೋಡು, ಬಾರಿಸ್ತಾನೆ, ತಪ್ಪೂ ಮಾಡಲ್ಲ. ಇನ್ನೇನಯ್ಯಾ ಯೋಚನೆ?" ಎಂದರು. ವಲೆರಿಯೋ ಎಂದರೆ ಬಾಯ್ಲರ್ ಮೇಸ್ತ್ರಿಯ ಮಗ, ಗೂಳಿಯಂಥ ಆಳು.

ನನಗೆ ರೇಗಿತು. "ಚೆಂಡು ಕೈಗೆ ಸಿಕ್ಕರೆ ತಾನೇ ತಪ್ಪಾಗೋದು, ದೋನ್ ಎವಾರಿಸ್ತೋ? ವಲೆರಿಯೋ ಮುಟ್ಟಲಾಗದೆ ಬಿಟ್ಟದ್ದನ್ನ ಎದುರಾಳಿಯ ಒಳ್ಳೇ ಹೊಡೆತ ಅಂತ ಸ್ಕೋರ್ ಪುಸ್ತಕದಲ್ಲಿ ಬರೀತಾರೆ. ಅದೇ ಚೆಂಡನ್ನ ಫೆರ್ಮಿನ್ ಓಡಿ ಹೋಗಿ ಬೆರಳ ತುದೀಲಿ ಮುಟ್ಟಿ ಕೆಡವಿದ್ರೆ ತಪ್ಪು ಅಂತ ಬರೀತಾರೆ. ಒಲೆ ಹಚ್ಚದವಳ ಅನ್ನ ಯಾವತ್ತಾದ್ರೂ ಸೀದಿದೆಯಾ?"

ಅವರು ನಕ್ಕರು. "ಮಾತಲ್ಲಿ ನಿನ್ನ ಗೆಲ್ಲೋಕಾಗಲ್ಲ ಬಿಡು. ಈ ತಿಂಗಳು ಪೂರ್ತಿ ಇಬ್ಬರನ್ನೂ ಆಡಿಸು. ಆಮೇಲೆ ನೀನು ಏನು ಹೇಳ್ತೀಯೋ ಅದೇ ಆಗಲಿ, ನಾನು ಅಡ್ಡ ಬರಲ್ಲ."

ಹೀಗೆ ಕತ್ತಿ ನನ್ನ ಕೈಗೇ ಬಂತು. ಜನವರಿಯ ಭಾನುವಾರಗಳಲ್ಲಿ ಒಂದು ಪಂದ್ಯಕ್ಕೆ ಇವನು, ಒಂದಕ್ಕೆ ಅವನು. ವಲೆರಿಯೋ ನಿಂತ ದಿನ ಅವನ ಎಡಕ್ಕೂ ಬಲಕ್ಕೂ ಚೆಂಡುಗಳು ನುಸುಳಿ ಹೋಗುವುದನ್ನು ನಾನು ಒಂದೊಂದಾಗಿ ಎಣಿಸುತ್ತಿದ್ದೆ. ಆದರೆ ಅವನು ಒಂದನ್ನು ಎತ್ತಿ ಬೇಲಿಯಾಚೆಯ ಕಬ್ಬಿಗೆ ಕಳಿಸಿದರೆ ಸಾಕು, ಜನ ಮಿಕ್ಕದ್ದೆಲ್ಲ ಮರೆತುಬಿಡುತ್ತಿದ್ದರು. ಫೆರ್ಮಿನ್ ಉಳಿಸಿಕೊಟ್ಟ ರನ್ನು ಯಾರಿಗೆ ನೆನಪಿರುತ್ತದೆ? ಆಗದೇ ಹೋದದ್ದನ್ನು ಯಾರೂ ನೋಡಿರುವುದಿಲ್ಲವಲ್ಲ.

ನಾನು ನೋಡಿದ್ದೆ. ನೋಡಿಯೂ ಅವನನ್ನು ತೆಗೆದೆ.

ಯಾಕೆ ಎಂದು ಹೇಳುತ್ತೇನೆ, ಕೇಳು. ನೀನು ಎಸೆಯುವ ಕಾಲದಲ್ಲಿ ಚೆಂಡು ಕೊನೇ ಗಳಿಗೆಯಲ್ಲಿ ಕೆಳಕ್ಕೆ ಮುಳುಗುತ್ತಿತ್ತು. ಎಂಥ ಗಟ್ಟಿಗ ಹೊಡೆದರೂ ನೆಲಕ್ಕೇ ಬಡಿಯುತ್ತಿದ್ದ, ಚೆಂಡು ಉರುಳಿಕೊಂಡು ಶಾರ್ಟ್‌ಸ್ಟಾಪ್ ಕಡೆಗೇ ಹೋಗುತ್ತಿತ್ತು. ಆಗ ನಿನ್ನ ಹಿಂದೆ ಫೆರ್ಮಿನ್ ನಿಂತಿದ್ದರೆ, ಅವನು ಬ್ಯಾಟಿನ ಬದಲು ಪೊರಕೆ ಹಿಡಿದು ಹೋದರೂ ನಾನು ಚಕಾರ ಎತ್ತುತ್ತಿರಲಿಲ್ಲ. ಈಗ ನಮಗಿರುವ ಪಿಚರ್ ದೊರೋತೆಯೋ ಹಾಗಲ್ಲ. ಎತ್ತರಕ್ಕೆ, ಜೋರಾಗಿ ಎಸೆಯುತ್ತಾನೆ. ಹೊಡೆಯುವವರು ಒಂದೋ ಗಾಳಿಗೆ ಬೀಸುತ್ತಾರೆ, ಇಲ್ಲವೇ ಆಕಾಶಕ್ಕೆ ಎತ್ತುತ್ತಾರೆ. ಕೆಲವು ಪಂದ್ಯಗಳಲ್ಲಿ ಫೆರ್ಮಿನ್ ಕಡೆ ಚೆಂಡು ಬರುವುದೇ ಅಪರೂಪ. ಚಿನ್ನದಂಥ ಕೈ, ಆದರೆ ಅದರೊಳಗೆ ಬೀಳುವುದೇನೂ ಇಲ್ಲ. ಬ್ಯಾಟು ಹಿಡಿಯುವ ಸರದಿ ಮಾತ್ರ ತಪ್ಪದೇ ಬರುತ್ತದೆ.

ಮುಖ ನೋಡಿ ಮಣೆ ಹಾಕಲಿಲ್ಲ ಕಣೋ. ಲೆಕ್ಕದಲ್ಲಿ ಅವನು ನಿಲ್ಲಲಿಲ್ಲ. ಈಗಲೂ ಕೇಳಿದರೆ ಅದನ್ನೇ ಹೇಳುತ್ತೇನೆ, ತೀರ್ಪು ಸರಿ. ಸರಿ ಇದ್ದದ್ದಕ್ಕೇ ನನಗೆ ಇಷ್ಟು ಹಿಂಸೆ. ತಪ್ಪಾಗಿದ್ದರೆ ಹೋಗಿ ಕಾಲಾದರೂ ಹಿಡಿಯಬಹುದಿತ್ತು.

ಹೇಳಲು ಹೋದಾಗ ಅವನು ಮೈದಾನದಲ್ಲಿ ಕುಕ್ಕರುಗಾಲಲ್ಲಿ ಕೂತು ಕಲ್ಲು ಆರಿಸುತ್ತಿದ್ದ. ನನ್ನ ಮುಖ ನೋಡಿಯೇ ಗೊತ್ತಾಯಿತು.

"ವಲೆರಿಯೋನೇ ಅಲ್ವಾ, ಪದ್ರಿನೋ?" ಎಂದ. ಜ್ಞಾನಸ್ನಾನದ ದಿನ ಧರ್ಮತಂದೆಯಾಗಿ ಎತ್ತಿ ಹಿಡಿದವನು ನಾನೆಂದು ಅವನು ನನ್ನನ್ನು ಇವತ್ತಿಗೂ ಹಾಗೆಯೇ ಕರೆಯುತ್ತಾನೆ, ಹೆಸರು ಹಿಡಿಯುವುದಿಲ್ಲ.

"ಹೌದು ಮಗಾ."

"ದೊರೋತೆಯೋ ಎಸೆಯೋ ರೀತಿಗೆ ಅದೇ ಸರಿ. ನಾನಾಗಿದ್ರೂ ಅದೇ ಮಾಡ್ತಿದ್ದೆ." ಕೈಯಲ್ಲಿದ್ದ ಕಲ್ಲನ್ನು ಬೇಲಿಯಾಚೆ ಎಸೆದು, "ಮನೆ ಮಾತ್ರ... ಮಿರ್ತಾ ಹೆರಿಗೆ ಆಗೋವರೆಗಾದ್ರೂ ಬಿಡ್ತಾರಾ, ಕೇಳ್ತೀರಾ?" ಎಂದ.

ಕೇಳಿದೆ. ಬೇಡಿಕೊಂಡೆ ಎಂದೇ ಬರೆಯುತ್ತೇನೆ, ನಾಚಿಕೆ ಏನು! ದೋನ್ ಎವಾರಿಸ್ತೋ ಬೇಸರದಿಂದಲೇ ತಲೆ ಅಲ್ಲಾಡಿಸಿದರು. "ಮನೆ ತಂಡದ್ದು, ನಿಕಾಸಿಯೋ. ಇವನಿಗೆ ಬಿಟ್ಟರೆ ನಾಳೆ ಹತ್ತು ಜನ ಬರ್ತಾರೆ. ತೀರ್ಪು ಕೊಟ್ಟೋನು ನೀನೇ ಅಲ್ವಾ?" ನಮ್ಮ ಮನೆಯಲ್ಲೇ ಇರಿ ಎಂದು ಫ್ರಾನ್ಸಿಯಾ ಕರೆದಳು, ಅತ್ತಳು. ಮಿರ್ತಾ ಒಪ್ಪಲಿಲ್ಲ. "ನಿಮ್ಮ ಯಜಮಾನ್ರು ಹೊರಗೆ ಹಾಕಿದ್ದು, ನೀವು ಒಳಗೆ ಕರೆಯೋದು, ಚೆನ್ನಾಗಿದೆ" ಎಂದು ಹೇಳಿ ಪಾತ್ರೆಪರಟಿ ಗಾಡಿಗೆ ಹಾಕಿದಳು.

ಫೆಬ್ರವರಿಯಲ್ಲಿ ಬ್ಯಾರಕ್ಕಿನಲ್ಲೇ ಹೆರಿಗೆಯಾಯಿತು. ನಿನಗೆ ಮೊಮ್ಮಗಳು ಹುಟ್ಟಿದ್ದಾಳೆ, ತೆಲ್ಮೋ. ಅಜ್ಜಿಯ ಹೆಸರನ್ನೇ, ಒಲಿಂಪಿಯಾ ಎಂದು, ಇಟ್ಟಿದ್ದಾರೆ. ಗಟ್ಟಿಯಾಗಿದ್ದಾಳೆ, ಅಳು ಕಾರ್ಖಾನೆಯ ಸೀಟಿಗಿಂತ ಜೋರು. ಒಳ್ಳೆಯ ಸುದ್ದಿ ಇದೊಂದೇ, ಇದನ್ನೇ ಮೊದಲು ಬರೆಯಬೇಕಿತ್ತು.

ಇನ್ನೊಂದು ಸುದ್ದಿಯನ್ನು ಹೇಗೆ ಬರೆಯಲಿ? ಕಬ್ಬು ಕಡಿಯುವುದು ಹುಟ್ಟಿನಿಂದ ಅಭ್ಯಾಸವಿದ್ದವರಿಗೇ ಸರಿ. ಇವನು ವರ್ಕ್‌ಶಾಪಿನಲ್ಲಿ ಬೆಳೆದ ಹುಡುಗ. ಹೋದ ವಾರ ಎಡಗೈಯಲ್ಲಿ ಕಬ್ಬು ಹಿಡಿದು ಬುಡಕ್ಕೆ ಮಚ್ಚು ಬೀಸಿದಾಗ ಅದು ಜಾರಿ ಕೈಗೇ ಬಿತ್ತು. ಕಿರುಬೆರಳೂ ಉಂಗುರದ ಬೆರಳೂ ಹೋದವು. ಉಳಿದವು ಇನ್ನು ಮಡಚುವುದಿಲ್ಲ ಎಂದು ದವಾಖಾನೆಯಲ್ಲಿ ಹೇಳಿದರು. ಚೆಂಡು ಹಿಡಿಯಲು ಗ್ಲೌಸ್ ಹಾಕುವ ಕೈ ಅದು. ಬ್ಯಾಟು ಏಳದಿದ್ದರೂ ಬೇರೆ ಯಾವುದಾದರೂ ಕಾರ್ಖಾನೆಯ ತಂಡದವರು ಕಣ್ಣು ತೆರೆದು ನೋಡಿ ಕರೆದುಕೊಳ್ಳುತ್ತಾರೆ ಎಂಬ ಆಸೆ ನನಗಿತ್ತು. ಇಬ್ಬರ ಹತ್ತಿರ ಮಾತೂ ಆಡಿದ್ದೆ. ಇನ್ನು ಅದು ಮುಗಿದ ಕಥೆ.

ಜ್ವರ ಇಳಿದಿದೆ, ಊಟ ಮಾಡುತ್ತಿದ್ದಾನೆ. ದಿನಾ ಹೋಗಿ ನೋಡಿಕೊಂಡು ಬರುತ್ತೇನೆ. ನೀನು ಗಾಬರಿಯಾಗಬೇಡ. ಮಿರ್ತಾ ಈಗ ನನ್ನ ಜೊತೆ ಮಾತನಾಡುತ್ತಾಳೆ, ಫ್ರಾನ್ಸಿಯಾ ಕಳಿಸುವ ಸಾರನ್ನೂ ತೆಗೆದುಕೊಳ್ಳುತ್ತಾಳೆ. ಮಗುವನ್ನು ನನ್ನ ತೊಡೆಯ ಮೇಲೆ ಹಾಕಿ ನೀರು ತರಲು ಹೋಗುವಷ್ಟು ಸಿಟ್ಟು ಇಳಿದಿದೆ. ದೇವರು ನಿನ್ನನ್ನೂ ನಿನ್ನ ಮನೆಯನ್ನೂ ಕಾಪಾಡಲಿ. ಆ ಮಗುವಿಗೆ ನಮ್ಮೆಲ್ಲರಿಗಿಂತ ಒಳ್ಳೆಯ ಕಾಲ ಬರಲಿ.

ಎಂದೆಂದೂ ನಿನ್ನ,
ನಿಕಾಸಿಯೋ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಕಾಗದ ಮಡಚಿ, ಮತ್ತೆ ಬಿಚ್ಚಿದ್ದೇನೆ.

ನಿನ್ನ ಕಾಗದದ ಕೊನೆಯಲ್ಲಿ ಒಂದು ಮಾತಿತ್ತು. "ಈಸ್ಟರಿಗೆ ನಾನೇ ಬರುತ್ತೇನೆ. ಒಂದು ವಾರ ನನ್ನ ಮುಂದೆ ನಿಲ್ಲಿಸಿ ಚೆಂಡೆಸೆದರೆ ಅವನ ಹೆದರಿಕೆ ಬಿಟ್ಟುಹೋಗುತ್ತದೆ, ಚಿಕ್ಕವನಿದ್ದಾಗ ಮಾಡುತ್ತಿದ್ದ ಹಾಗೆ." ಬೆರಳು ಹೋದವನಿಗೆ ಅದರಿಂದ ಉಪಯೋಗವಿಲ್ಲ ಎಂದು ಗೊತ್ತು. ಆದರೂ ಅಪ್ಪ ಬರುತ್ತಾನೆ ಎಂದರೆ ಹುಡುಗನಿಗೆ ಸಮಾಧಾನವಾದೀತು ಎಂದು ದವಾಖಾನೆಯಲ್ಲಿ ಓದಿ ಹೇಳಿದೆ. ಅವನು ಹಾಸಿಗೆಯ ಮೇಲೆ ಗೋಡೆಗೆ ಒತ್ತಿಕೊಂಡು ಕೂತ. ಇಷ್ಟು ದೊಡ್ಡ ಆಳು, ಮೊಣಕಾಲು ಎದೆಗೆ ಎಳೆದುಕೊಂಡು.

ಆಮೇಲೆ ಹೇಳಿದ. ನೀನು ಸೋತು ಬಂದ ಭಾನುವಾರಗಳಲ್ಲಿ ಅವನನ್ನು ಹಿತ್ತಿಲ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ ಮೈಮೇಲೆಯೇ ಎಸೆಯುತ್ತಿದ್ದೆಯಂತೆ. ಅಲ್ಲಾಡಿದರೆ ಇನ್ನೊಂದಂತೆ. ಒಲಿಂಪಿಯಾ ಬಾಗಿಲ ಚಿಲಕ ಹಾಕಿಕೊಂಡು ಒಳಗೆ ಅಳುತ್ತಿದ್ದಳಂತೆ. "ಅಪ್ಪ ಒಳ್ಳೇದಕ್ಕೇ ಮಾಡಿದ್ದು" ಎಂದೂ ಅವನೇ ಹೇಳಿದ. "ಆದ್ರೆ ಪಿಚರ್ ಕೈ ಎತ್ತಿದ್ರೆ ನಂಗೆ ಇನ್ಯಾರೂ ಕಾಣಲ್ಲ ಪದ್ರಿನೋ. ಅಪ್ಪನ ಕೈಯೇ ಕಾಣತ್ತೆ. ಕಾಲು ತಾನಾಗೇ ಸರಿಯತ್ತೆ, ಏನ್ ಮಾಡ್ಲಿ?"

"ಮತ್ತೆ ಫೀಲ್ಡಿಂಗಲ್ಲಿ ಹಲ್ಲಿಗೆ ಎಗರೋ ಚೆಂಡಿಗೂ ನೀನು ಹೆದರಲ್ವಲ್ಲೋ?" ಎಂದು ಕೇಳಿದೆ.

"ನೆಲದ ಮೇಲೆ ಬರೋ ಚೆಂಡನ್ನ ಯಾರೂ ನನಗೆ ಅಂತ ಎಸೆದಿರಲ್ವಲ್ಲ" ಎಂದ.

ಬಸ್ಸಿನ ಟಿಕೆಟ್ ತೆಗೆದಿದ್ದರೆ ವಾಪಸು ಕೊಟ್ಟುಬಿಡು, ತೆಲ್ಮೋ.