ನಮ್ಮ ಫಿಸಿಕಲ್ ಡೈರೆಕ್ಟರಿಗೆ ಇಲ್ಲದ ಗಡಿ ಮುತ್ಯಾಲಮ್ಮನಿಗೇಕೆ?

ಗಡಿಯಾಚೆಯ ದೊಡ್ಡ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಸಾಹೇಬರೇ,

ಹೋದ ವರ್ಷ ಜೂನ್ ತಿಂಗಳಲ್ಲಿ ತಾವು ಹಿಂದೂಪುರದ ನಮ್ಮ ಕಾಲೇಜಿನಿಂದ ಫಿಸಿಕಲ್ ಡೈರೆಕ್ಟರ್ ಈರಲಿಂಗಪ್ಪನವರನ್ನು ಕರೆಸಿಕೊಂಡಿರಿ. ಈ ವರ್ಷ ಅದೇ ಈರಲಿಂಗಪ್ಪನವರು ಆಟ ಕಲಿಸಿ ಬೆಳೆಸಿದ ಮುತ್ಯಾಲಮ್ಮ ಎಂಬ ಹುಡುಗಿ ತಮ್ಮ ವ್ಯಾಯಾಮ ಶಿಕ್ಷಣದ ಡಿಪ್ಲೊಮಾಕ್ಕೆ ಅರ್ಜಿ ಹಾಕಿದರೆ, 'ಅನ್ಯ ರಾಜ್ಯದವರಿಗೆ ಅವಕಾಶವಿಲ್ಲ' ಎಂದು ಒಂದೇ ಸಾಲು ಬರೆದು ಹಿಂದಕ್ಕೆ ಅಟ್ಟಿದಿರಿ. ನಾನು ತರ್ಕಶಾಸ್ತ್ರ ಕಲಿಸುವವನು. ಗುರು ನಮ್ಮವನು, ಶಿಷ್ಯೆ ಅನ್ಯಳು, ಇಬ್ಬರೂ ಒಂದೇ ಜಿಲ್ಲೆಯವರು: ಈ ಮೂರು ವಾಕ್ಯಗಳನ್ನು ಒಂದೇ ಕರಿಹಲಗೆಯ ಮೇಲೆ ಬರೆದು ನಗದೆ ನಿಲ್ಲಬಲ್ಲ ಪಂಡಿತರು ತಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ. ನಾನೇ ಬಂದು ಅವರ ಮುಂದೆ ನೆಲದ ಮೇಲೆ ಕೂತು ಪಾಠ ಹೇಳಿಸಿಕೊಳ್ಳುತ್ತೇನೆ.

ಈರಲಿಂಗಪ್ಪನವರು ಹುಟ್ಟಿದ್ದು ಕಲ್ಯಾಣದುರ್ಗದಲ್ಲಿ. ಆ ಊರು ಯಾವ ರಾಜ್ಯಕ್ಕೆ ಸೇರಿದೆ ಎಂದು ನಕ್ಷೆ ಬಿಚ್ಚಿ ನೋಡುವ ಉತ್ಸಾಹ ಅವರನ್ನು ನೇಮಿಸಿಕೊಳ್ಳುವಾಗ ತಮ್ಮ ಕಚೇರಿಯಲ್ಲಿ ಯಾರಿಗೂ ಹುಟ್ಟಲಿಲ್ಲ. ಗಡಿಯ ಕೊಡಿಕೊಂಡದ ಗೇಟಿನಲ್ಲಿ ಲಾರಿ ನಿಲ್ಲಿಸಿ ಬೆಲ್ಲದ ಮೂಟೆಗೆ ಕೈ ಹಾಕಿ ನೋಡುತ್ತಾರೆ. ಹುಣಿಸೆಹಣ್ಣಿಗೂ ರಹದಾರಿ ಕೇಳುತ್ತಾರೆ. ಆರಡಿ ಎತ್ತರದ ಒಬ್ಬ ಡೈರೆಕ್ಟರನ್ನು ಯಾವ ರಹದಾರಿಯೂ ಇಲ್ಲದೆ ಗಡಿ ದಾಟಿಸಿದ ತಮ್ಮ ಕೈಚಳಕಕ್ಕೆ ದೊಡ್ಡ ನಮಸ್ಕಾರ.

ತಾವು ಕರೆದೊಯ್ದದ್ದು ಎಂಥವರನ್ನು ಎಂಬುದಾದರೂ ತಮಗೆ ತಿಳಿದಿದೆಯೇ? ಅವರು ಬರುವ ಮುನ್ನ ನಮ್ಮ ಕಾಲೇಜಿನ ಮೈದಾನವೆಂದರೆ ಜಾಲಿಮುಳ್ಳು ಬೆಳೆದ ಕಲ್ಲುಗುಡ್ಡೆ. ಬಂದ ಮಾರನೆಯ ದಿನವೇ ಅವರೊಂದು ಕಾನೂನು ಮಾಡಿದರು: ಕಾಲೇಜಿಗೆ ತಡವಾಗಿ ಬಂದವರೆಲ್ಲ ಮೈದಾನದ ಒಂದೊಂದು ಕಲ್ಲು ಹೊತ್ತು ಅಂಚಿಗೆ ಹಾಕಬೇಕು. ನಮ್ಮ ಹುಡುಗರ ಸೋಮಾರಿತನದ ಕೃಪೆಯಿಂದ ಕೆಲವೇ ವರ್ಷಗಳಲ್ಲಿ ಮೈದಾನ ಹಸನಾಯಿತು; ಸುತ್ತಲೂ ಎದೆಯೆತ್ತರದ ಕಾಂಪೌಂಡು ಎದ್ದು ನಿಂತಿತು. ಆ ಗೋಡೆಯಲ್ಲಿ ಪ್ರಿನ್ಸಿಪಾಲರು ಹೊತ್ತ ಕಲ್ಲೂ ಇದೆ. ಕಾನೂನು ಎಲ್ಲರಿಗೂ ಒಂದೇ ಎಂದು ಈರಲಿಂಗಪ್ಪನವರು ಅವರ ಕೈಗೇ ಕಲ್ಲು ಕೊಟ್ಟಿದ್ದರು.

ಮೈದಾನ ಆದ ಮೇಲೆ ಅವರಿಗೆ ಹುಡುಗಿಯರ ಬಾಲ್ ಬ್ಯಾಡ್ಮಿಂಟನ್ ತಂಡ ಕಟ್ಟುವ ಹುಚ್ಚು ಹಿಡಿಯಿತು. ಕಾಲೇಜಿನಲ್ಲಿ ಇದ್ದ ಹುಡುಗಿಯರೇ ಬೆರಳೆಣಿಕೆಯಷ್ಟು. ಅವರಲ್ಲಿ ಮುತ್ಯಾಲಮ್ಮ ಸ್ಟೇಷನ್ನಿನ ಬಳಿ ಜಟಕಾ ಓಡಿಸುವ ಗಂಗಣ್ಣನ ಮಗಳು. ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತು ನಿಯಮ ತಪ್ಪದೆ ತೂಕಡಿಸುತ್ತಿದ್ದವಳು. ಅವಳ ತೋಳಿನಲ್ಲಿ ಏನು ಕಂಡರೋ, ಈರಲಿಂಗಪ್ಪನವರು ನೇರ ಅವಳ ಮನೆಗೇ ಹೋದರು. ಜೊತೆಗೆ ನಾನೂ ಇದ್ದೆ. ತಾಯಿ ಮುನಿಯಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಹೆಣ್ಣುಡುಗಿ ಬ್ಯಾಟ್ ಹಿಡ್ಕಂಡು ಊರ ಮುಂದೆ ಕುಣುದ್ರೆ ನಾಳೆ ಯಾರ್ ಸಾರ್ ತಗೊಂಡೋಯ್ತಾರೆ?"

"ತಗೊಂಡೋಗಾಕೆ ಅವಳೇನು ತಾಮ್ರದ ಬಿಂದಿಗೇನಾ ಅಕ್ಕಾ?" ಎಂದರು ಈರಲಿಂಗಪ್ಪನವರು.

"ಮಾತೇನೋ ಚೆಂದಾಗಿ ಆಡ್ತೀರ. ಮಜ್ಜಿಗೆ ಕುಡುದು ಹೊಂಡಿ."

ಅವರು ಮಜ್ಜಿಗೆ ಕುಡಿದು ಹೊರಟರು. ಮರುದಿನ ಮತ್ತೆ ಬಂದು ಕುಡಿದರು. ಅದರ ಮರುದಿನವೂ ಬಂದರು. ಕೊನೆಗೆ ಗಂಗಣ್ಣನೇ ಹೆಂಡತಿಗೆ ಕೈಮುಗಿದ: "ಕಳ್ಸೇ ಅತ್ಲಾಗೆ. ಮನೆ ಮಜ್ಜಿಗೆನೆಲ್ಲಾ ಈ ಸಾರೇ ಕುಡುದ್ಬುಟ್ರೆ ನಂಗೇನುಳೀತದೆ?" ಹೀಗೆ ಮುತ್ಯಾಲಮ್ಮನ ಕೈಗೆ ಬ್ಯಾಟು ಬಂತು. ಎರಡು ವರ್ಷದಲ್ಲಿ ಅವಳು ಹೊಡೆದ ಚೆಂಡನ್ನು ಎತ್ತಬಲ್ಲವರು ಸುತ್ತಮುತ್ತ ಯಾರೂ ಇರಲಿಲ್ಲ.

ಅಷ್ಟರಲ್ಲಿ ತಮ್ಮ ಕರೆ ಬಂತು ನೋಡಿ.

ಈರಲಿಂಗಪ್ಪನವರು ಹೊರಟ ದಿನ ಅವರ ಹಾಸಿಗೆ, ಟ್ರಂಕು ಎಲ್ಲವೂ ಗಂಗಣ್ಣನ ಜಟಕಾದಲ್ಲಿ ಏರಿದವು. ಅಂದು ಆ ಕುದುರೆ ನಡೆದಷ್ಟು ನಿಧಾನವಾಗಿ ನಮ್ಮ ಪುರಸಭೆಯ ಕಾಮಗಾರಿಯೂ ನಡೆದದ್ದಿಲ್ಲ. ಕಂಡ ಕಂಡ ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಅಂಗಡಿಯವರು ಹೊರಬಂದು ಡೈರೆಕ್ಟರ ಕೈಹಿಡಿದು ಮಾತಾಡುತ್ತಿದ್ದರು. "ಬೇಗ ಓಡ್ಸಪ್ಪ, ಗಾಡಿ ಹೋಯ್ತದೆ" ಎಂದು ಇವರು ಗೋಗರೆದರೆ, "ಕುದ್ರೆ ಯಾಕೋ ಇವತ್ತು ಮೊಂಡು ಬಿದ್ದೈತೆ ಸಾರ್, ಅದಕ್ಕೂ ನೀವು ಹೋಗೋದು ಇಷ್ಟ ಇಲ್ಲ" ಎಂದ ಗಂಗಣ್ಣ. ರೈಲು ತಪ್ಪಿಸುವ ಈ ಸಂಚಿನಲ್ಲಿ ಇಡೀ ಪೇಟೆ ಭಾಗಿಯಾಗಿತ್ತು. ಕೆಡಿಸಿದ್ದು ರೈಲ್ವೆಯವರು: ಅಂದು ರೈಲು ನಮಗಿಂತಲೂ ತಡವಾಗಿ ಬಂತು.

ಪ್ಲಾಟ್‌ಫಾರಂ ಮೇಲೆ ನಾನು ಕೇಳಿಯೇಬಿಟ್ಟೆ: "ಇಲ್ಲೇನು ಕಮ್ಮಿಯಾಗಿತ್ತು ನಿಮಗೆ?"

ಅವರು ಟ್ರಂಕಿನ ಮೇಲೆ ಕೂತರು. "ಅಲ್ಲಿ ಹಸುರು ಹುಲ್ಲಿನ ಮೈದಾನ ಐತಂತೆ ಸಾರ್. ಕಲ್ಲು ಆಯೋದ್ರಾಗೇ ನನ್ನ ವಯಸ್ಸು ಹೋಯ್ತು. ಒಂದ್ಸಲ ಬರೀ ಆಟ ಹೇಳ್ಕೊಟ್ಟು ನೋಡಾನ ಅನ್ನಿಸ್ತು."

ಅವರಿಗೆ ಹುಲ್ಲು ಸಿಕ್ಕಿದ್ದು ನನಗೆ ಸಂತೋಷವೇ. ಆದರೆ ಆ ಸಂತೋಷದ ಭಾರ ಹೊತ್ತವನು ನಾನು. ಮಾರನೆಯ ದಿನವೇ ಪ್ರಿನ್ಸಿಪಾಲರು ನನ್ನನ್ನು ಕರೆಸಿ, "ನಿಮ್ಮ ಗಂಟಲು ದೊಡ್ಡದು, ಮಧ್ಯಾಹ್ನ ನಿಮಗೆ ಪಾಠವಿಲ್ಲ, ಆದ್ದರಿಂದ ನೀವೇ ಪ್ರಭಾರ ಫಿಸಿಕಲ್ ಡೈರೆಕ್ಟರ್" ಎಂದರು. ಇಷ್ಟು ದುರ್ಬಲ ಹೇತುಗಳಿಂದ ಇಷ್ಟು ಭಯಂಕರ ತೀರ್ಮಾನಕ್ಕೆ ಬಂದದ್ದನ್ನು ನಾನು ಯಾವ ಗ್ರಂಥದಲ್ಲೂ ಕಂಡಿಲ್ಲ.

ನನ್ನ ಮೊದಲ ಡ್ರಿಲ್ಲಿನ ಕಥೆಯನ್ನು ಪೇಟೆಯಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ. ಕ್ವಿಕ್ ಮಾರ್ಚ್ ಎಂದೆ. ಹುಡುಗರು ಹೊರಟರು. ನಿಲ್ಲಿಸುವ ಶಬ್ದ ಮರೆತುಹೋಯಿತು. ಸಾಲಾಗಿ ಗೇಟು ದಾಟಿದರು, ರಸ್ತೆ ದಾಟಿದರು, ಬೆಲ್ಲದ ಮಂಡಿಯೊಳಗೆ ನುಗ್ಗಿ ಗಾಡಿಗಳ ನಡುವೆ ಕಾಲೆತ್ತಿ ಕಾಲಿಟ್ಟು ನಡೆದರು. ನಾನು ಪಂಚೆ ಎತ್ತಿ ಕಟ್ಟಿ ಹಿಂದೆ ಓಡುತ್ತ, "ನಿಲ್ರೋ! ನಿಲ್ರಪ್ಪಾ!" ಎಂದು ಕೂಗಿದೆ. ಒಬ್ಬನೂ ನಿಲ್ಲಲಿಲ್ಲ. ಕೊನೆಗೆ ಮಂಡಿಯ ಹಮಾಲಿಯೊಬ್ಬ ಕರುಣೆಯಿಂದ "ಹಾಲ್ಟ್!" ಎಂದು ಗದರಿದ ಮೇಲೆ ತಟ್ಟನೆ ನಿಂತರು. ಕೇಳಿದರೆ, "ಈರಲಿಂಗಪ್ಪ ಸಾರ್ ಹೇಳವ್ರೆ ಸಾರ್, ಹಾಲ್ಟ್ ಅನ್ನಗಂಟ ನಿಲ್ಲಬಾರ್ದು ಅಂತ" ಎಂದರು. ಮೈದಾನದಲ್ಲಿ ಅವರಿಲ್ಲ; ಅವರ ಶಿಸ್ತು ಮಾತ್ರ ನನ್ನನ್ನು ಓಡಿಸುತ್ತಿತ್ತು.

ಇಂಥ ನನ್ನ ನಾಯಕತ್ವದಲ್ಲಿ ನಮ್ಮ ಹುಡುಗಿಯರು ದಸರೆಗೆ ಕಲ್ಯಾಣದುರ್ಗದ ಟೂರ್ನಮೆಂಟಿಗೆ ಹೊರಟರು. ಜೊತೆಗೆ ಮುನಿಯಕ್ಕನೂ ಬಸ್ಸು ಹತ್ತಿದಳು. ಅವಳದ್ದು ಬೇರೆಯದೇ ಕೆಲಸ. ಕಲ್ಯಾಣದುರ್ಗದ ಓಬಮ್ಮ ಎಂಬಾಕೆ ತನ್ನ ಮಗನಿಗೆ ಮುತ್ಯಾಲಮ್ಮನನ್ನು ಕೇಳಿದ್ದಳು. ಆಕೆ ಮೈದಾನಕ್ಕೇ ಬಂದು, ಯಾರಿಗೂ ಗೊತ್ತಾಗದಂತೆ ದೂರದಿಂದ ಹುಡುಗಿ ನೋಡುವುದು, ಒಪ್ಪಿಗೆಯಾದರೆ ಬ್ಯಾಟು ಅಟ್ಟ ಸೇರುವುದು ಎಂದು ಮಾತಾಗಿತ್ತು. ಮುತ್ಯಾಲಮ್ಮನಿಗೆ ಇದು ಗೊತ್ತಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಬ್ಯಾಟನ್ನು ಮಡಿಲಲ್ಲಿ ಅಡ್ಡಡ್ಡ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಆಡಿ ಬರಲು ಹೊರಟವಳ ಮುಖ ಅದಾಗಿರಲಿಲ್ಲ.

ಮೈದಾನಕ್ಕೆ ಹೋಗಿ ನೋಡಿದರೆ ಎತ್ತರದ ಕುರ್ಚಿಯ ಮೇಲೆ ಅಂಪೈರಾಗಿ ಯಾರು ಕೂತಿರಬೇಕು? ಸಾಕ್ಷಾತ್ ಈರಲಿಂಗಪ್ಪನವರು! ಹುಟ್ಟೂರಿನವರು ಕರೆದಿದ್ದರು, ತಾವು ರಜೆ ಕೊಟ್ಟು ಕಳಿಸಿದ್ದಿರಿ. ನಮ್ಮ ಹುಡುಗಿಯರು ಸಂತೋಷದಿಂದ ಕೂಗಿಕೊಂಡರು. ಅವರು ಮಾತ್ರ ಕತ್ತು ಕೂಡ ಆಡಿಸಲಿಲ್ಲ. ತಮ್ಮ ವಿಶ್ವವಿದ್ಯಾಲಯದ ನೀರು ಕುಡಿದು ನಾಲ್ಕು ತಿಂಗಳಾಗಿತ್ತಷ್ಟೇ, ಮನುಷ್ಯನಿಗೆ ನಿಷ್ಪಕ್ಷಪಾತದ ಜ್ವರ ಬಂದಿತ್ತು! ಎದುರಿಗೆ ಬಳ್ಳಾರಿಯ ತಂಡ. ತನ್ನ ಶಿಷ್ಯೆಯರಿಗೆ ಒಲಿದನೆಂದು ಯಾರಾದರೂ ಅಂದಾರು ಎಂಬ ಭಯಕ್ಕೆ, ಅನುಮಾನವಿದ್ದ ಚೆಂಡನ್ನೆಲ್ಲ ನಮ್ಮ ವಿರುದ್ಧವೇ ಕೊಡುತ್ತ ಹೋದರು. ಕೊನೆಯ ಆಟ ಸಮಸಮವಾಗಿ ನಡೆದಿತ್ತು. ಮುತ್ಯಾಲಮ್ಮ ಜಿಗಿದು ಹೊಡೆದಳು. ಚೆಂಡು ಹಿಂದಿನ ಗೆರೆಯ ಬಳಿ ಬಿತ್ತು. "ಔಟ್" ಎಂದರು ಈರಲಿಂಗಪ್ಪನವರು.

ಮುತ್ಯಾಲಮ್ಮ ನೆಟ್ಟಿನ ಕೆಳಗೆ ನುಸುಳಿ ಆಚೆ ಹೋಗಿ, ಚೆಂಡನ್ನು ಎತ್ತಿಕೊಂಡು ಬಂದು ಕುರ್ಚಿಯ ಕೆಳಗೆ ನಿಂತಳು.

"ಸಾರ್, ಇಳೀರಿ."

"ಆಟ ಆಡಮ್ಮ."

"ಇಳುದು ನೋಡಿ ಸಾರ್. ಉಣ್ಣೆ ಚೆಂಡಿಗೆ ಸುಣ್ಣ ಹತ್ತೈತೆ. ಗೆರೆಯಾಚೆ ಮಣ್ಣಾಗೆ ಬಿದ್ದಿದ್ರೆ ಸುಣ್ಣ ಎಲ್ಲಿಂದ ಬತ್ತದೆ?"

ರಿಜಿಸ್ಟ್ರಾರ್ ಸಾಹೇಬರೇ, ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದೆ. ತೂಕಡಿಸುತ್ತಿದ್ದ ಹುಡುಗಿಯ ಕಿವಿಗೆ ಅದು ಎಲ್ಲಿಂದ ನುಗ್ಗಿತ್ತೋ! ನಾನು ಸಭ್ಯತೆ ಮರೆತು ಸೀಟಿ ಊದಿಬಿಟ್ಟೆ. ಆ ವರ್ಷದಲ್ಲಿ ನಾನು ಅದನ್ನು ಸರಿಯಾಗಿ ಊದಿದ್ದು ಅದೊಂದೇ ಸಲ. ಈರಲಿಂಗಪ್ಪನವರು ಕುರ್ಚಿಯಿಂದ ಇಳಿದರು. ಚೆಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಇಡೀ ಮೈದಾನಕ್ಕೆ ಕೇಳುವಂತೆ, "ತಪ್ಪು ನಂದು. ಪಾಯಿಂಟು ಹಿಂದೂಪುರದ್ದು" ಎಂದರು. ಅಲ್ಲಿಂದ ಮುಂದೆ ಬಳ್ಳಾರಿಯವರಿಗೆ ಕೈ ಏಳಲಿಲ್ಲ. ಕಪ್ಪು ನಮ್ಮದಾಯಿತು.

ಗಂಡು ಮಾತ್ರ ಕೈತಪ್ಪಿತು. ಓಬಮ್ಮ ಬೇಲಿಯ ಬಳಿ ಮುನಿಯಕ್ಕನನ್ನು ತಡೆದು ನಿಲ್ಲಿಸಿದಳು. "ಹುಡುಗಿ ಲಕ್ಷಣವಾಗವಳೆ ತಲ್ಲೀ. ಆದ್ರೆ ಕಲಿಸಿದ ಮೇಷ್ಟ್ರನ್ನೇ ಕುರ್ಚಿಯಿಂದ ಇಳಿಸ್ಬುಟ್ಲು. ನಾಳೆ ನಮ್ಮನೇಲಿ ಸಾರಿಗೆ ಉಪ್ಪು ಜಾಸ್ತಿ ಆಯ್ತೇ ಅಂದ್ರೆ, ನನ್ನ ನಾಲಿಗೇನೇ ಸಾಕ್ಷಿಗೆ ಕರೀತಾಳೆ. ಮಾಕೊದ್ದಮ್ಮಾ, ಬ್ಯಾಡ" ಎಂದು ಕೈಯಾಡಿಸಿ ಹೊರಟೇಹೋದಳು.

ಮುನಿಯಕ್ಕ ನೇರ ಈರಲಿಂಗಪ್ಪನವರ ಮೇಲೆ ಬಿದ್ದಳು. "ಎಲ್ಲಾ ನಿಮ್ಮಿಂದ್ಲೇ ಸಾರ್! ಬ್ಯಾಟು ಕೊಟ್ರಿ, ಬಾಯೂ ಕೊಟ್ರಿ, ನೀವು ನಿಮ್ಮ ಪಾಡಿಗೆ ಹೊಂಟೋದ್ರಿ. ಈಗ ಇವಳನ್ನ ಏನ್ ಮಾಡಾನ ಹೇಳಿ?"

"ನನ್ನ ತಪ್ಪು ಹಿಡಿಯೋ ಹುಡುಗಿ ಕಣಕ್ಕ ಇವಳು. ಇಷ್ಟು ವರ್ಷದಾಗೆ ಇಂಥೋರು ಯಾರೂ ಸಿಕ್ಕಿರ್ಲಿಲ್ಲ. ಬಿ.ಎ. ಮುಗುಸ್ಲಿ, ನಮ್ಮಲ್ಲಿಗೆ ಕಳ್ಸು. ಒಂದು ವರ್ಷ ಓದಿ ಡೈರೆಕ್ಟರಾಗಿ ಬತ್ತಾಳೆ. ಹಿಂದೂಪುರದಾಗೆ ನನ್ನ ಕುರ್ಚಿ ಖಾಲಿ ಐತಲ್ಲ."

ಆ ಕುರ್ಚಿಯಲ್ಲಿ ಕೂತಿದ್ದವನು ನಾನು. ನನಗಾದ ಆನಂದವನ್ನು ಅಡಗಿಸಲು ಆಚೆ ತಿರುಗಿಕೊಂಡೆ. ಮುತ್ಯಾಲಮ್ಮ, "ಅಮ್ಮಾ, ಹೋಯ್ತೀನಿ" ಎಂದಳು, ಅಷ್ಟೇ. ಮುನಿಯಕ್ಕ ಬಸ್ಸು ಹತ್ತಿದಳು. ಹಿಂದೂಪುರದಲ್ಲಿ ಇಳಿದ ಮೇಲೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದಳು: "ಸಾರ್, ಅಲ್ಲಿ ಹಾಸ್ಟೆಲ್ನಾಗೆ ಮುದ್ದೆ ಮಾಡ್ತಾರಾ?"

ಒಬ್ಬ ತಾಯಿ ಅಷ್ಟು ಕೇಳಬೇಕಾದರೆ ಎಷ್ಟು ದೂರ ನಡೆದು ಬಂದಿರಬೇಕು ಎಂಬುದನ್ನು ತಮ್ಮ ನಿಯಮಾವಳಿ ಬರೆದವರು ಅಳೆದಿದ್ದಾರೆಯೇ? ಮುತ್ಯಾಲಮ್ಮ ಬಿ.ಎ. ಪಾಸಾದಳು, ತರ್ಕದಲ್ಲೂ ಪಾಸಾದಳು. ಅರ್ಜಿ ಬಂತು, ತಾವು ಅಟ್ಟಿದಿರಿ. ಈರಲಿಂಗಪ್ಪನವರು ತಾವಿರುವ ಕೋಣೆಗೇ ಬಂದು ಕೇಳಿದರೆ, "ನಿಮ್ಮ ವಿಷಯ ಬೇರೆ, ನೀವು ತಜ್ಞರು" ಎಂದಿರಂತೆ. ತಜ್ಞರು ತಮ್ಮ ಹುಲ್ಲಿನ ಮೇಲೆ ಮೊಳೆತರೇ ಸ್ವಾಮಿ? ನಮ್ಮ ಕಲ್ಲಿನ ಮೇಲೆ ತಯಾರಾದವರು ತಜ್ಞರು, ಅದೇ ಕಲ್ಲಿನ ಮೇಲೆ ತಯಾರಾಗುತ್ತಿರುವವಳು ಅನ್ಯಳು. ಹಾಗಾದರೆ ಹಣ್ಣು ತಮ್ಮದು, ಗಿಡ ಮಾತ್ರ ಪರರಾಜ್ಯದ್ದೇ? ತಮ್ಮ ಒಂದು ಸಾಲನ್ನು ನಾನು ಓದಿ ಹೇಳಿದಾಗ ಮುನಿಯಕ್ಕನಿಗೆ ಅರ್ಥವೇ ಆಗಲಿಲ್ಲ. "ಗೌರಿಬಿದನೂರು ನನ್ನ ತವರು ಸಾರ್. ಹಬ್ಬಕ್ಕೆ ಹೋಗಿ ಬತ್ತೀನಿ. ಅದು ಅನ್ಯ ಯಾವಾಗಾಯ್ತು? ನಂಗ್ಯಾರೂ ಹೇಳ್ಲೇ ಇಲ್ವಲ್ಲ" ಎಂದಳು. ರಾಜ್ಯಗಳನ್ನು ವಿಂಗಡಿಸಿದವರು ಆಕೆಯನ್ನು ಕೇಳಲು ಮರೆತರೆಂದು ಹೇಳಿ ತಪ್ಪಿಸಿಕೊಂಡೆ.

ಈರಲಿಂಗಪ್ಪನವರನ್ನು ವಾಪಸು ಕೊಡಿ ಎಂದು ನಾನು ಕೇಳುತ್ತಿಲ್ಲ. ಅವರು ಹುಲ್ಲಿನ ಮೇಲೆ ಸುಖವಾಗಿರಲಿ. ನನ್ನ ಬೇಡಿಕೆ ಇಷ್ಟೇ: ಬರುವ ತಿಂಗಳು ತರಗತಿ ಶುರುವಾಗುವಾಗ ಮುತ್ಯಾಲಮ್ಮನಿಗೆ ಒಂದು ಸೀಟು, ಹಾಸ್ಟೆಲಿನಲ್ಲಿ ಒಂದು ಮಂಚ. ಓದು ಮುಗಿದ ಮೇಲೆ ಅವಳನ್ನು ನಮಗೆ ಬಿಟ್ಟುಕೊಡಿ. ಅವಳು ಒಳ್ಳೆಯ ಡೈರೆಕ್ಟರಾದಳೆಂದು ಮತ್ತೆ ತಾವೇ ಇಟ್ಟುಕೊಂಡುಬಿಡಬೇಡಿ.

ಇದಕ್ಕೆ ಒಪ್ಪದಿದ್ದರೆ ಹೆದರಿಸುವ ಶಕ್ತಿ ನನಗಿಲ್ಲ. ಒಂದು ಸಂಗತಿ ತಿಳಿಸುವುದು ಮಾತ್ರ ನನ್ನ ಧರ್ಮ. ಬರುವ ಸೋಮವಾರ ಮುನಿಯಕ್ಕ ಮಗಳನ್ನು ಕರೆದುಕೊಂಡು ತಮ್ಮ ಕಚೇರಿಗೆ ಬರುತ್ತಿದ್ದಾಳೆ. ನಾನು ಬೇಡವೆಂದೆ. "ಆ ರಿಜಿಸ್ಟ್ರಾರ್ ಸಾರ್‌ಗೂ ಅಮ್ಮ ಇರ್ತಾರಲ್ಲ, ಅವ್ರ ಹತ್ರ ಮಾತಾಡ್ತೀನಿ ಬಿಡಿ" ಎಂದಳು. ಆಕೆಗೆ ನಿಯಮ ಎಂದರೇನೆಂದು ತಿಳಿಯದು. ಇಲ್ಲ ಎಂಬ ಮಾತು ಕನ್ನಡ, ತೆಲುಗು ಎರಡು ಭಾಷೆಯಲ್ಲೂ ಕೇಳಿಸದು. ದಯವಿಟ್ಟು ಅಂದು ಕಚೇರಿಯಲ್ಲೇ ಇರಿ. ಇಲ್ಲದಿದ್ದರೆ ಆಕೆ ತಮ್ಮ ಮನೆ ಹುಡುಕಿಕೊಂಡು ಬರುತ್ತಾಳೆ.

ಇಂತಿ, ಬೆಳಗಾದರೆ ಮೈದಾನದಲ್ಲಿ ನಿಲ್ಲಬೇಕಲ್ಲ ಎಂದು ನಿದ್ದೆಗೆಟ್ಟಿರುವ,
ಆದಿನಾರಾಯಣ
ತರ್ಕಶಾಸ್ತ್ರದ ಉಪನ್ಯಾಸಕ, ಮತ್ತು ದುರದೃಷ್ಟವಶಾತ್ ಪ್ರಭಾರ ಫಿಸಿಕಲ್ ಡೈರೆಕ್ಟರ್
ಹಿಂದೂಪುರ